ಕತ್ತರಿಸದೆ ಬಿಟ್ಟ ಗ್ರಿಪ್ಪು

ಹಿಂದಿನ ಕೋಣೆ, ಹೊಲಿಗೆ ಮೇಜು
ಗುರುವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೋದ ಕಾಗದದಲ್ಲಿ ಹಡಗಿನ ಒಲೆಯ ಮುಂದೆ ನಿಂತು ನಿಂತು ಕಾಲು ಊದಿಕೊಂಡಿದೆ ಎಂದು ನೀನು ಬರೆದಿದ್ದೆ. ಈಗ ಊತ ಇಳಿದಿದೆಯೋ ಇಲ್ಲವೋ? ಮಲಗುವಾಗ ಕಾಲಿನ ಕೆಳಗೆ ದಿಂಬು ಇಟ್ಟುಕೋ ಎಂದು ನಾನು ಬರೆದಿದ್ದೆ, ನೀನು ಇಟ್ಟುಕೊಂಡಿರುವುದಿಲ್ಲ, ನನಗೆ ಗೊತ್ತು. ಮೂವತ್ತು ಜನರ ಹೊಟ್ಟೆ ನೋಡಿಕೊಳ್ಳುವವಳಿಗೆ ತನ್ನ ಕಾಲು ನೋಡಿಕೊಳ್ಳಲು ಪುರುಸೊತ್ತೆಲ್ಲಿ. ನನ್ನ ಆರೋಗ್ಯ ಪರವಾಗಿಲ್ಲ. ಮೆಟ್ಟಿಲು ಕಂಡರೆ ಮಂಡಿ ಗೊಣಗುತ್ತದೆ, ಸೂಜಿಗೆ ದಾರ ಪೋಣಿಸಲು ಮೂರು ಸಲ ಎಂಜಲು ಹಚ್ಚಬೇಕು, ಬಾಯಿ ಮಾತ್ರ ಮೊದಲಿನ ಹಾಗೇ ಇದೆ ಎಂದು ನಿನ್ನ ಮಗಳು ಮಿಡತೆ ಹೇಳುತ್ತಾಳೆ. ಅವಳೂ ಚೆನ್ನಾಗಿದ್ದಾಳೆ. ಮೈಮೇಲೆ ಒಂದು ಗೀರೂ ಇಲ್ಲ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ, ಯಾಕೆಂದರೆ ಮುಂದಿನದನ್ನು ಓದುವಾಗ ನಿನ್ನ ಜೀವ ಬಾಯಿಗೆ ಬರಬಾರದು. ಹಡಗು ಬಂದರಿಗೆ ಸೇರುವವರೆಗೆ ಫೋನಿಲ್ಲ. ತುರ್ತು ಇದ್ದರೆ ಕಂಪನಿಯ ಆಫೀಸಿನವರು ಎರಡು ಸಾಲು ತಂತಿ ಕಳಿಸಿದ ಹಾಗೆ ಕಳಿಸುತ್ತಾರಂತೆ, ಆದರೆ ಇದನ್ನು ಎರಡು ಸಾಲಿನಲ್ಲಿ ಹೇಳಿದರೆ ನೀನು ಸಮುದ್ರಕ್ಕೆ ಹಾರಿಬಿಡುತ್ತೀಯ. ಅದಕ್ಕೇ ಕಾಗದ. ಇವತ್ತು ನಾಲ್ಕು ಗಂಟೆಗೆ ಅವರು ಟಪಾಲು ಚೀಲ ಕಟ್ಟುತ್ತಾರೆ. ಇದು ನಿನ್ನ ಕೈ ಸೇರುವಾಗ ಇಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ನಿನ್ನನ್ನು ಏನೂ ಕೇಳುತ್ತಿಲ್ಲ, ಹೇಳುತ್ತಿದ್ದೇನೆ ಅಷ್ಟೆ.

ಸಣ್ಣಿಗೆ ಏಟಾಗಿದೆ. ನಮ್ಮ ಮಿಡತೆಯ ಜೊತೆ ಏಳು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯ ಸೀಮೆಸುಣ್ಣದ ಪುಡಿ ಕೈಗೆ ಬಳಿದುಕೊಂಡು ಬೆಳೆದ ಹುಡುಗಿ, ಬಸ್ ಕಂಡಕ್ಟರಮ್ಮನ ಮಗಳು. ಮಂಗಳವಾರ ಸಂಜೆ ಐದೂಕಾಲಿಗೆ ಜಿಮ್ನಾಸ್ಟಿಕ್ಸ್ ಹಾಲಿನಲ್ಲಿ ಎತ್ತರದ ಅಡ್ಡಕಂಬಿ, ಅದೇ ಆ ಬಾರಿನ ಮೇಲೆ ದೊಡ್ಡ ಸುತ್ತು ತಿರುಗುತ್ತಿದ್ದಾಗ ಅವಳ ಬಲಗೈಯ ಗ್ರಿಪ್ಪು ಬಾರಿಗೆ ಕಚ್ಚಿಕೊಂಡಿತು. ಮೈ ತಿರುಗಿತು, ಕೈ ನಿಂತಿತು. ಮೊಣಕೈಯ ಕೆಳಗಿನ ಎರಡೂ ಮೂಳೆ ಮುರಿದಿವೆ. ನಾನು ಅಲ್ಲಿರಲಿಲ್ಲ, ನಮ್ಮ ಮಿಡತೆ ಇದ್ದಳು. ಕೋಚ್ ಮೇಡಂ ಬಾರಿನ ಮೇಲೆ ಏರಿ ಬಕಲು ಬಿಚ್ಚುವವರೆಗೆ ಕೆಳಗಿನಿಂದ ಸಣ್ಣಿಯ ಎರಡೂ ಕಾಲನ್ನು ಹೆಗಲ ಮೇಲೆ ಹೊತ್ತು ನಿಂತಿದ್ದವಳು ನಿನ್ನ ಮಗಳು. ಮನೆಗೆ ಬಂದವಳು ಹೆಗಲಿನ ಅಂಗಿ ಬಿಚ್ಚಲು ಬಿಡಲಿಲ್ಲ. ಕೇಳಿದ್ದಕ್ಕೆಲ್ಲ ಹೂಂ, ಹೂಂ, ಅಷ್ಟೇ.

ಈಗ ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಜಿಮ್ನಾಸ್ಟಿಕ್ಸ್ ಸಂಘದವರ ಮುಂದೆ ವಿಚಾರಣೆಗೆ ಕೂತು ಇದನ್ನೇ ಹೇಳಬೇಕಾಗಿದೆ, ಹೇಳಿ ಅಭ್ಯಾಸವಾಗಲಿ. ಗ್ರಿಪ್ಪು ಎಂದರೆ ಅಂಗೈ ಮುಚ್ಚುವ ಒಂದು ಚರ್ಮದ ನಾಲಿಗೆ. ಮೇಲೆ ಎರಡು ಬೆರಳಿಗೆ ಎರಡು ತೂತು, ತೂತಿನ ಕೆಳಗೆ ಅಡ್ಡಕ್ಕೆ ಹೊಲಿದ ಒಂದು ಸಣ್ಣ ಕಡ್ಡಿ, ಕೆಳಗೆ ಮಣಿಕಟ್ಟಿಗೆ ಪಟ್ಟಿ ಮತ್ತು ಬಕಲು. ಬಾರು ಹಿಡಿದಾಗ ಆ ಕಡ್ಡಿ ಬಾರಿನ ಮೇಲೆ ಕೂತು ಹಿಡಿತಕ್ಕೆ ಬಲ ಕೊಡುತ್ತದೆ, ಅಂಗೈ ಸುಲಿಯದ ಹಾಗೆ ಕಾಯುತ್ತದೆ. ಚರ್ಮ ಅಳತೆಗಿಂತ ಉದ್ದವಾದರೆ ಕಡ್ಡಿ ಬಾರನ್ನು ದಾಟಿ ಆಚೆಗೆ ಹೊರಳುತ್ತದೆ, ಚರ್ಮ ತನ್ನ ಮೇಲೆ ತಾನೇ ಮಡಿಸಿಕೊಂಡು ಬಾರನ್ನು ಕಚ್ಚುತ್ತದೆ. ಆಮೇಲೆ ಬಿಡಿಸುವುದು ಮನುಷ್ಯರ ಕೈಯಲ್ಲಿಲ್ಲ. ಬೆಲ್ಟು ಬ್ಯಾಗಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಚರ್ಮ ಕತ್ತರಿಸಿದವಳು ನಾನು, ಅದು ಹೇಗೆ ಹಿಗ್ಗುತ್ತದೆ, ಎಷ್ಟು ಬೆವರು ಕುಡಿದರೆ ಎಷ್ಟು ಉದ್ದವಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಿಡತೆಯ ಅಂಗೈ ಸುಲಿದು ರಕ್ತ ಬಂದ ದಿನ, ಅಂಗಡಿಯಿಂದ ತಂದ ಗ್ರಿಪ್ಪಿನ ತೂತಿನಲ್ಲಿ ಅವಳ ಬೆರಳು ಬಾವಿಯೊಳಗೆ ಬಿಟ್ಟ ಹಗ್ಗದ ಹಾಗೆ ತೂಗಾಡುವುದನ್ನು ನೋಡಲಾರದೆ ನಾನೇ ಒಂದು ಜೋಡಿ ಹೊಲಿದೆ. ಅದನ್ನು ನೋಡಿ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಈಗ ಹಾಲಿನಲ್ಲಿ ಹತ್ತೊಂಬತ್ತು ಮಕ್ಕಳ ಕೈಯಲ್ಲಿರುವುದು ನನ್ನ ಹೊಲಿಗೆ.

ನನ್ನ ಕೆಲಸಕ್ಕೆ ಮೂರು ಕಟ್ಟಳೆ. ಕಂದು ಕಾಗದದ ಮೇಲೆ ಕೈಯಿಟ್ಟು, ಪೆನ್ಸಿಲನ್ನು ನೇರ ಹಿಡಿದು ಗೆರೆ ಎಳೆಯದೆ ಚರ್ಮಕ್ಕೆ ಕತ್ತರಿ ಹಾಕುವುದಿಲ್ಲ. ಹೊಸದಾಗಲಿ ರಿಪೇರಿಯಾಗಲಿ, ಹಾಕಿಕೊಳ್ಳುವವಳು ಇದೇ ಕೋಣೆಯ ಗೋಡೆಗೆ ಬಡಿದಿರುವ ಪೈಪಿಗೆ ನನ್ನ ಕಣ್ಣೆದುರು ಜೋತುಬಿದ್ದು ತೋರಿಸದೆ ಗ್ರಿಪ್ಪು ಬಾಗಿಲು ದಾಟುವಂತಿಲ್ಲ. ಹಿಗ್ಗಿದ ಹಳೆಯ ಜೋಡಿಯನ್ನು ಯಜಮಾನಿಯ ಮುಂದೆಯೇ ನಡುವಿಗೆ ಕತ್ತರಿಸಿ ಕಸಕ್ಕೆ ಎಸೆಯಬೇಕು, ಮತ್ತೆ ಯಾರ ಕೈಗೂ ಹೋಗಬಾರದು. ಕತ್ತರಿಸುವಾಗ ಹುಡುಗಿಯರು ಅಳುತ್ತಾರೆ. ಒಂದು ವರ್ಷ ಬೆವರು ಕುಡಿಸಿ ಮೆತ್ತಗೆ ಮಾಡಿಕೊಂಡದ್ದು, ಅಳದೆ ಏನು. ನಾನು ಕರಗಿದವಳಲ್ಲ. ಒಬ್ಬಳಿಗೆ ಮಾತ್ರ ಕರಗಿದೆ. ಎರಡು ತಿಂಗಳ ಹಿಂದೆ ಮಿಡತೆಗೆ ಹೊಸ ಜೋಡಿ ಮಾಡಿಕೊಟ್ಟು ಹಳೆಯದಕ್ಕೆ ಕತ್ತರಿ ಇಟ್ಟಾಗ ಅವಳು ಕೈ ಅಡ್ಡ ಹಿಡಿದಳು. "ಇದ್ರಲ್ಲೇ ನಂಗೆ ಮೊದಲ್ನೇ ಪದಕ ಬಂದಿದ್ದು ಅಜ್ಜಿ, ಸುಮ್ನೆ ಇಟ್ಕೊತೀನಿ, ಹಾಕ್ಕೊಳಲ್ಲ" ಎಂದಳು. ಮುಖ ನಿನ್ನದೇ, ಹಠವೂ ನಿನ್ನದೇ. ಇಟ್ಟುಕೋ ಎಂದೆ. ಅವಳು ಅದನ್ನು ಬಟ್ಟೆಯ ಕಪಾಟಿನಲ್ಲಿ ಕಾಲುಚೀಲಗಳ ಕೆಳಗೆ ಇಟ್ಟುಕೊಂಡಳು.

ಬುಧವಾರ ಬೆಳಿಗ್ಗೆ ಕೋಚ್ ಮೇಡಂ ಮನೆಗೇ ಬಂದರು. ಕೊರಳಲ್ಲಿ ಸೀಟಿ ಹಾಗೇ ಇತ್ತು, ನಿದ್ದೆಗೆಟ್ಟ ಕಣ್ಣು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಆ ಗ್ರಿಪ್ಪು ಹಾಕಿಕೊಂಡು ಬಂದಿದ್ದರು, ಬಿಚ್ಚದೆ ಮೇಜಿನ ಮೇಲೆ ಇಟ್ಟರು. "ಇದು ನಿಮ್ಮ ಹೊಲಿಗೆ ತಾನೇ? ಸಣ್ಣಿ ಕೈಯ ಅಳತೆ ಕಾಗದ ಶುಕ್ರವಾರ ತಗೊಂಡು ಬನ್ನಿ. ಚರ್ಮ ಅಷ್ಟು ಉದ್ದ ಹೇಗಾಯ್ತು ಅಂತ ಸಂಘದೋರು ಕೇಳ್ತಾರೆ" ಎಂದರು. ನನ್ನ ಮೇಲೆ ಕೋಪ ಇತ್ತೋ ಅಥವಾ ತಮ್ಮ ಮೇಲೋ, ಗೊತ್ತಾಗಲಿಲ್ಲ. ಕವರಿನ ಮೇಲಿಂದಲೇ ತಿರುಗಿಸಿ ನೋಡಿದೆ. ನಾನು ಹೊಲಿದ ಪ್ರತಿಯೊಂದು ಪಟ್ಟಿಯ ಒಳಮೈಗೆ ದಬ್ಬಳದ ತುದಿ ಕಾಯಿಸಿ ಚುಕ್ಕಿ ಇಡುತ್ತೇನೆ, ಯಾರದು ಎಷ್ಟು ಚುಕ್ಕಿ ಎಂಬುದು ನನ್ನ ತಲೆಯಲ್ಲಿ ಮಾತ್ರ ಇದೆ. ಉಳಿದವರು ಅದನ್ನು ಅಲಂಕಾರ ಎಂದುಕೊಂಡಿದ್ದಾರೆ. ಸಣ್ಣಿಯದಕ್ಕೆ ಐದು ಚುಕ್ಕಿ. ಇದರಲ್ಲಿ ಮೂರಿದ್ದವು. ಮೂರು ಎಂದರೆ ನಮ್ಮ ಮಿಡತೆ. ಆ ಗ್ರಿಪ್ಪಿನ ಬಗ್ಗೆ ನನಗೆ ಗೊತ್ತಾದದ್ದು ಆಗಲೇ, ಅಲ್ಲಿಯವರೆಗೆ ಏನೇನೂ ಗೊತ್ತಿರಲಿಲ್ಲ. ಕೋಚ್ ಮೇಡಂಗೆ ಹೂಂ ಎಂದೆ, ತರುತ್ತೇನೆ ಎಂದೆ, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ.

ಮಿಡತೆ ಶಾಲೆಯಿಂದ ಬರುವವರೆಗೆ ಈ ಮೇಜಿನ ಮುಂದೆಯೇ ಕೂತಿದ್ದೆ. ಬಂದವಳು ಚೀಲ ಇಳಿಸುವ ಮೊದಲೇ "ಕಪಾಟಿನಲ್ಲಿದ್ದ ಜೋಡಿ ಎಲ್ಲೇ?" ಎಂದು ಕೇಳಿದೆ. ಅವಳು ಸುಳ್ಳು ಹೇಳಲು ಬಾಯಿ ತೆರೆದಳು, ಬರಲಿಲ್ಲ, ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಸೋಮವಾರ ಬೆಳಗಿನ ಅಭ್ಯಾಸದಲ್ಲಿ ಸಣ್ಣಿಯ ಜೋಡಿಯ ಬೆರಳಿನ ತೂತು ಹರಿದುಹೋಯಿತಂತೆ. ಭಾನುವಾರ ತಂಡದ ಆಯ್ಕೆ. ಹೊಸ ಚರ್ಮ ಕೈಗೆ ಒಗ್ಗಲು ಮೂರು ವಾರ ಬೇಕು, ಇರುವುದು ಆರು ದಿನ. ಸಣ್ಣಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಮುಖ ಗೋಡೆಗೆ ತಿರುಗಿಸಿ ಅಳುತ್ತಿದ್ದಳಂತೆ. ನಮ್ಮ ಮಹಾತಾಯಿ ಊಟದ ಬಿಡುವಿನಲ್ಲಿ ಮನೆಗೆ ಓಡಿಬಂದು ಹಳೆಯ ಜೋಡಿ ಎತ್ತಿಕೊಂಡು ಹೋಗಿ ಕೊಟ್ಟಿದ್ದಾಳೆ. ಮೆತ್ತಗಿದೆ, ಪಳಗಿದೆ, ಹಾಕಿಕೊಂಡರೆ ಕೈಗೆ ಕೈಯೇ ಹಾಕಿಕೊಂಡ ಹಾಗಿರುತ್ತದೆ, ಅವಳಿಗೆ ಗೊತ್ತಿದ್ದದ್ದು ಅಷ್ಟು. ಮಿಡತೆಯ ಬೆರಳು ಸಣ್ಣಿಯದಕ್ಕಿಂತ ಅರ್ಧ ಗೆಣ್ಣು ಉದ್ದ, ಅದರ ಮೇಲೆ ಹಳೆಯ ಚರ್ಮ ಹಿಗ್ಗಿದ್ದು ಬೇರೆ. "ಅಜ್ಜಿಗೆ ಹೇಳಿದ್ರೆ ಕತ್ತರಿಸಿಬಿಡ್ತಾಳೆ" ಎಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ.

ಆಮೇಲೆ ನಾನು ಕೇಳಬಾರದ ಒಂದು ಪ್ರಶ್ನೆ ಕೇಳಿದೆ ಕಣೇ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ತಂಡಕ್ಕೆ ಆರು ಜನ ಬೇಕು, ಐದು ಜನರನ್ನು ಆಗಲೇ ಗೊತ್ತು ಮಾಡಿದ್ದಾರೆ, ಉಳಿದ ಒಂದು ಜಾಗಕ್ಕೆ ಇಬ್ಬರು, ಮಿಡತೆ ಮತ್ತು ಸಣ್ಣಿ. ಹಾಲಿನ ಬೆಂಚುಗಳ ಮೇಲೆ ಕೂರುವ ತಾಯಂದಿರ ಬಾಯಲ್ಲಿ ಒಂದು ತಿಂಗಳಿಂದ ಅದೇ ಮಾತು. ಹಾಗಾಗಿ ಕೇಳಿಬಿಟ್ಟೆ, "ಗೊತ್ತಿದ್ದೂ ಕೊಟ್ಟೆಯೇನೇ?" ಎಂದು. ಮಿಡತೆ ತಲೆ ಎತ್ತಿ ನನ್ನನ್ನು ನೋಡಿದಳು. ಹದಿಮೂರು ವರ್ಷದ ಮಗು ಹಾಗೆ ನೋಡಬಾರದು. "ಅವ್ಳು ಅಳ್ತಿದ್ಲು ಅಜ್ಜಿ" ಎಂದಳು, ಅಷ್ಟೇ. ನಾನು ಅವಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡೆ. ಉದ್ದಕ್ಕೆ ಬೆಳೆದುಬಿಟ್ಟಿದ್ದಾಳೆ, ಕಾಲು ನೆಲಕ್ಕೆ ಎಳೆಯುತ್ತಿತ್ತು. ಬೇಡ ಎಂದು ತಳ್ಳಲಿಲ್ಲ.

ಈಗ ಪಂಚಾಯಿತಿ ಏನೆಂದು ನಿನಗೆ ಅರ್ಥವಾಗಿರಬೇಕು. ಒಬ್ಬರ ಗ್ರಿಪ್ಪು ಇನ್ನೊಬ್ಬರು ಹಾಕಬಾರದು, ಕೊಟ್ಟವರು ಒಂದು ವರ್ಷ ಹೊರಗೆ ಎಂದು ಹಾಲಿನ ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ. ಮಿಡತೆ ಕೊಟ್ಟಳು ಎಂದು ಗೊತ್ತಾದರೆ ಭಾನುವಾರವೂ ಹೋಯಿತು, ವರ್ಷವೂ ಹೋಯಿತು. ಅದಕ್ಕಿಂತ ದೊಡ್ಡದು ಜನರ ಬಾಯಿ. ಜಾಗಕ್ಕಾಗಿ ಜೊತೆಯವಳ ಕೈ ಮುರಿಸಿದಳು ಎಂಬ ಮಾತು ಒಂದು ಸಲ ಹುಟ್ಟಿದರೆ ಅವಳು ಅಜ್ಜಿಯಾದರೂ ಬೆನ್ನು ಬಿಡುವುದಿಲ್ಲ. ಮಿಡತೆಯ ಹೆಸರು ಬರದಿದ್ದರೆ ಉಳಿಯುವವಳು ನಾನು. ಸಣ್ಣಿಯ ಅಳತೆ ಕಾಗದ ಮೇಜಿನ ಮೇಲೆ ಇಡುತ್ತಾರೆ, ಅದರ ಮೇಲೆ ಆ ಗ್ರಿಪ್ಪು ಇಡುತ್ತಾರೆ, ಉದ್ದ ಕಾಣುತ್ತದೆ. ಮುದುಕಿಗೆ ಕಣ್ಣು ಮಂಜಾಗಿದೆ, ಕತ್ತರಿ ತಪ್ಪಿದೆ ಎನ್ನುತ್ತಾರೆ. ಹತ್ತೊಂಬತ್ತು ಜೋಡಿಯನ್ನೂ ವಾಪಸು ತಂದು ನನ್ನ ಮುಂದೆ ಸುರಿಯುತ್ತಾರೆ. ಮಂಗಳವಾರದಿಂದ ಮಿಡತೆಯ ಹೆಸರು ಎತ್ತದಿರುವವಳು ಸಣ್ಣಿ. "ನಂದೇ ಗ್ರಿಪ್ಪು" ಎಂದು ಆ ಮಗು ಆಪರೇಷನ್ ಕೋಣೆಗೆ ಹೋಗುವಾಗಲೂ ಹೇಳಿದೆಯಂತೆ.

ನಾನು ಬುಧವಾರ ಸಂಜೆಯೇ ತೀರ್ಮಾನ ಮಾಡಿಬಿಟ್ಟೆ. ಮಿಡತೆಯನ್ನು ಎದುರು ಕೂರಿಸಿಕೊಂಡು ಹೇಳಿದೆ, ನೀನು ಬಾಯಿಗೆ ಬೀಗ ಹಾಕಿಕೋ, ನನ್ನ ಅಳತೆ ತಪ್ಪಿತು ಎಂದು ನಾನು ಒಪ್ಪಿಕೊಳ್ಳುತ್ತೇನೆ, ನನಗೆ ಅರವತ್ತೊಂಬತ್ತು ವರ್ಷ, ಗ್ರಿಪ್ಪು ಹೊಲಿಯದಿದ್ದರೆ ಚಪ್ಪಲಿ ಹೊಲಿಯುತ್ತೇನೆ, ನಿನಗೆ ಹದಿಮೂರು. ಹೇಳುವಾಗ ನನಗೆ ನಾನೇ ಭಾರಿ ದೊಡ್ಡ ಮನುಷ್ಯಳ ಹಾಗೆ ಕಂಡೆ. ಮಿಡತೆ ಎದ್ದು ಹೋಗಿ ತಟ್ಟೆಯಲ್ಲಿದ್ದದ್ದನ್ನು ಮುಚ್ಚಿಟ್ಟು ಮಲಗಿದಳು. ಮನೆಯ ನಡುವಿನ ಓಣಿಯಲ್ಲಿ ದಿನಾ ಕೈಯ ಮೇಲೆ ನಡೆಯುತ್ತಾ ಹೋಗಿ ನನ್ನಿಂದ ಬೈಸಿಕೊಳ್ಳುವವಳು ನಿನ್ನೆಯಿಂದ ಕಾಲ ಮೇಲೆ ನಡೆಯುತ್ತಿದ್ದಾಳೆ. ಮನೆಯಲ್ಲಿ ಯಾರೋ ದೊಡ್ಡವರು ಬಂದು ಸೇರಿಕೊಂಡ ಹಾಗಿದೆ, ನನಗೆ ಹಿಡಿಸುತ್ತಿಲ್ಲ.

ಇವತ್ತು ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋಗಿದ್ದೆವು. ಸಣ್ಣಿಯ ಕೈಗೆ ಎರಡು ಲೋಹದ ಪಟ್ಟಿ ಹಾಕಿ ಕೂಡಿಸಿದ್ದಾರೆ. ಆರು ತಿಂಗಳು ಭಾರ ಹೊರಬಾರದು, ಮಣಿಕಟ್ಟು ಮೊದಲಿನಷ್ಟು ತಿರುಗುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರಂತೆ. ಅವಳಮ್ಮ ಕಂಡಕ್ಟರ್ ಸಮವಸ್ತ್ರದಲ್ಲೇ ಇದ್ದಳು, ಡ್ಯೂಟಿಯಿಂದ ನೇರ ಬಂದು ಮತ್ತೆ ನೇರ ಡ್ಯೂಟಿಗೆ ಹೋಗುವವಳು. ಅವಳೇ ನನ್ನ ಕೈ ಹಿಡಿದು, "ಅಮ್ಮಾ, ನೀವು ಬೇಜಾರ್ ಮಾಡ್ಕೋಬೇಡಿ. ನಿಮ್ಮ ಕೈಯಲ್ಲಿ ಅಳತೆ ತಪ್ಪಲ್ಲ ಅಂತ ನಂಗೊತ್ತು. ನಾಳೆ ನಾನೂ ಬಂದು ಹಾಗೇ ಹೇಳ್ತೀನಿ" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಿಡತೆ ಮಂಚದ ಆ ಕಡೆ ನಿಂತಿದ್ದಳು, ಸಣ್ಣಿಯ ಎಡಗೈ ಹಿಡಿದುಕೊಂಡು. ಇಬ್ಬರೂ ಒಂದೇ ಒಂದು ಮಾತು ಆಡಲಿಲ್ಲ. ಸುಮ್ಮನಿರಲು ಗೊತ್ತೇ ಇಲ್ಲದ ಜೋಡಿ ಅದು, ಕೋಚ್ ಮೇಡಂ ಇವರಿಬ್ಬರಿಗೆ ಸೀಟಿ ಊದಿಯೇ ಸುಸ್ತಾಗುತ್ತಿದ್ದರು.

ದಾರಿಯಲ್ಲಿ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಾಗ ಮಿಡತೆ ಬಾಯಿ ಬಿಟ್ಟಳು. "ಅಜ್ಜಿ, ನೀನು ಅಳತೆ ತಪ್ಪಿದೆ ಅಂದ್ರೆ ಆಂಟಿ ಎದ್ದು ಇಲ್ಲ ಅಂತಾರೆ. ಇಬ್ರೂ ಜಗಳ ಆಡ್ತೀರ, ಅವ್ರು ನಿಜ ಹೇಳ್ತಿರ್ತಾರೆ, ನೀನು ಸುಳ್ಳು ಹೇಳ್ತಿರ್ತೀಯ. ನಾನು ಅದನ್ನ ನೋಡ್ತಾ ಕೂರಕ್ಕಾಗಲ್ಲ" ಎಂದಳು. ನಾನು ಗದರಿದೆ, ಮುದ್ದು ಮಾಡಿದೆ, ಭಾನುವಾರದ ಆಸೆ ತೋರಿಸಿದೆ, ನಿನ್ನಮ್ಮ ಎಷ್ಟು ನೊಂದುಕೊಳ್ಳುತ್ತಾಳೆ ಎಂದು ನಿನ್ನನ್ನೂ ನಡುವೆ ಎಳೆದೆ. ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. ಕೊನೆಗೆ "ಜಾಗ ಹೋದ್ರೆ ಹೋಗ್ಲಿ. ನಾನು ಅವ್ಳ ಕಾಲು ಹೆಗಲ ಮೇಲೆ ಹೊತ್ಕೊಂಡು ನಿಂತಿದ್ದೆ ಅಜ್ಜಿ, ಅವ್ಳು ಎಷ್ಟು ಭಾರ ಇದ್ಲು ನಿಂಗೊತ್ತಿಲ್ಲ" ಎಂದಳು. ಮನೆಗೆ ಬಂದವಳೇ ನೋಟುಪುಸ್ತಕದ ಹಾಳೆ ಹರಿದು ಬರೆಯಲು ಕೂತಿದ್ದಾಳೆ, ನಾಳೆ ಓದಿ ಹೇಳುತ್ತಾಳಂತೆ. ಪಕ್ಕದ ಕೋಣೆಯಲ್ಲಿ ಪೆನ್ನು ಓಡುವ ಸದ್ದು ಇಲ್ಲಿಗೆ ಕೇಳುತ್ತಿದೆ. ಬರೆಯುತ್ತಾಳೆ, ಹೊಡೆದು ಹಾಕುತ್ತಾಳೆ, ಮತ್ತೆ ಬರೆಯುತ್ತಾಳೆ. ಒಂದು ಸಲ ಎದ್ದು ಬಂದು "ಅಜಾಗರೂಕತೆ ಅನ್ನೋದಕ್ಕೆ ಯಾವ ಜ ಅಜ್ಜಿ" ಎಂದು ಕೇಳಿ ಹೋದಳು.

ಹಾಗಾಗಿ ಮಗಳೇ, ನಾಳೆ ಹತ್ತು ಗಂಟೆಗೆ ನಿನ್ನ ಮಗಳು ನಿಜ ಹೇಳುತ್ತಾಳೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಒಂದು ವರ್ಷ ಹೊರಗೆ ಎಂದರೆ ಹೊರಗೆ. ಯಾರಾದರೂ ಜಾಗಕ್ಕಾಗಿ ಮಾಡಿದಳು ಎಂದು ಬಾಯಿ ತೆರೆದರೆ ಅವರಿಗೆ ನನ್ನ ಬಾಯಿ ಎಂಥದೆಂದು ಗೊತ್ತಾಗುತ್ತದೆ. ನೀನು ಬಂದಾಗ ಅವಳನ್ನು ಬೈಯಬೇಡ. ಇಂಥ ಮಗಳನ್ನು ಹೆತ್ತದ್ದಕ್ಕೆ ನಿನಗೇ ನಾನು ಏನಾದರೂ ಕೊಡಬೇಕು, ಆದರೆ ಹೆತ್ತದ್ದು ನೀನು, ಬೆಳೆಸಿದ್ದು ನಾನು, ಅರ್ಧ ಪಾಲು ನನಗೂ ಬರಬೇಕು ಎಂದು ಮೊನ್ನೆಯವರೆಗೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಕಾಲಿನ ಕೆಳಗೆ ದಿಂಬು ಇಟ್ಟುಕೋ. ಅಲೆ ಜೋರಾಗಿರುವಾಗ ಬಿಸಿ ಎಣ್ಣೆಯ ಬಳಿ ನಿಲ್ಲಬೇಡ. ಹಡಗಿನಲ್ಲಿ ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಈ ಮುದುಕಿ ಕೇಳಿದಳೆಂದು ಹೇಳು. ನೀನು ಇರುವಲ್ಲಿ ನೀರು ಸಮಾಧಾನವಾಗಿರಲಿ, ನೀನು ಚೆನ್ನಾಗಿರು.

ಇಂತು,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಮೂರೂಕಾಲಾಯಿತು, ಅಕ್ಷರ ಹೇಗಿದ್ದರೂ ಓದಿಕೋ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಬುಧವಾರದವರೆಗೆ ಏನೂ ಗೊತ್ತಿರಲಿಲ್ಲ ಎಂದು ಬರೆದೆನಲ್ಲ, ಅದು. ಸೋಮವಾರ ಸಂಜೆ ಮಿಡತೆ ಸ್ನಾನಕ್ಕೆ ಹೋಗಿದ್ದಾಗ ಸಣ್ಣಿ ಒಬ್ಬಳೇ ಇಲ್ಲಿಗೆ ಬಂದಿದ್ದಳು. ಬಕಲು ಸಡಿಲವಾಗಿದೆ, ಸ್ವಲ್ಪ ಬಿಗಿ ಮಾಡಿಕೊಡಿ ಅಜ್ಜಿ ಎಂದು ಆ ಜೋಡಿ ಕೊಟ್ಟಳು. ಪಟ್ಟಿ ತಿರುಗಿಸಿದೆ, ಮೂರು ಚುಕ್ಕಿ ಕಂಡವು. ಇದು ನಮ್ಮ ಮಿಡತೆಯದು, ಹಿಗ್ಗಿರುವುದು, ಈ ಮಗುವಿನ ಕೈಗೆ ಉದ್ದ, ಎಲ್ಲ ಗೊತ್ತಾಯಿತು. ಪೈಪು ನನ್ನ ತಲೆಯ ಮೇಲೇ ಇತ್ತು. ಜೋತುಬಿದ್ದು ತೋರಿಸಮ್ಮ ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಉದ್ದದ ಗ್ರಿಪ್ಪಿನಲ್ಲಿ ಇವಳು ಭಾನುವಾರ ತಡವರಿಸುತ್ತಾಳೆ, ನಮ್ಮ ಮಗುವಿಗೆ ಜಾಗ ಸಿಗುತ್ತದೆ ಎಂದು ಮನಸ್ಸಿಗೆ ಬಂತು, ಬಂದದ್ದನ್ನು ನಾನು ಓಡಿಸಲಿಲ್ಲ. ಮೂಳೆ ಮುರಿಯುತ್ತದೆ ಎಂದು ಗೊತ್ತಿರಲಿಲ್ಲ ಎಂದು ಬರೆದರೆ ಅದು ಎರಡನೇ ಸುಳ್ಳು. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಗೊತ್ತಿದ್ದದ್ದನ್ನು ಆ ಐದು ನಿಮಿಷ ನೆನಪು ಮಾಡಿಕೊಳ್ಳಲಿಲ್ಲ. ಬಕಲು ಬಿಗಿ ಮಾಡಿ ಕೊಟ್ಟು, ಚೆನ್ನಾಗಿ ಆಡಮ್ಮ ಎಂದು ಬೆನ್ನು ತಟ್ಟಿ ಕಳಿಸಿದೆ. ಇವತ್ತು ಆಸ್ಪತ್ರೆಯಲ್ಲಿ ಅವಳಮ್ಮ ಔಷಧಿ ಚೀಟಿ ಹಿಡಿದು ಹೊರಗೆ ಹೋಗಿದ್ದಾಗ, ಮಿಡತೆ ನೀರಿನ ಬಾಟಲಿ ತುಂಬಲು ಹೋಗಿದ್ದಾಗ, ಸಣ್ಣಿ ನನ್ನನ್ನು ಬಗ್ಗಿಸಿ ಕಿವಿಯಲ್ಲಿ, "ಸೋಮವಾರ ನಾನು ನಿಮ್ಮತ್ರ ಬಂದಿದ್ದು ಯಾರ್ಗೂ ಹೇಳಿಲ್ಲ ಅಜ್ಜಿ, ನಿಮಗೆ ಬೈತಾರೆ ಅಂತ" ಎಂದಳು. ಪಕ್ಕದ ಕೋಣೆಯಲ್ಲಿರುವವಳು ಎಲ್ಲ ತನ್ನದೇ ತಪ್ಪು ಎಂದು ನಾಲ್ಕನೇ ಹಾಳೆ ತುಂಬುತ್ತಿದ್ದಾಳೆ, ಅವಳಿಗೂ ಇದು ಗೊತ್ತಿಲ್ಲ. ಈಗ ಹೋಗಿ ಅವಳಿಗೆ ಹೇಳುತ್ತೇನೆ. ನಾಳೆ ಅವಳು ಓದುವ ಮೊದಲು ಎದ್ದು ನಾನು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಸಣ್ಣಿಯ ಅಮ್ಮನಿಗೆ ಹೇಳಬೇಕು, ಐದು ಗಂಟೆಗೆ ಅವಳ ಡ್ಯೂಟಿ ಮುಗಿಯುತ್ತದೆ, ಕಾಗದ ಆಫೀಸಿನಲ್ಲಿ ಕೊಟ್ಟು ಡಿಪೋ ಬಾಗಿಲಲ್ಲಿ ಕಾಯುತ್ತೇನೆ. ನೀನು ಬಂದ ಮೇಲೆ ಮಗಳನ್ನು ಮತ್ತೆ ನನ್ನ ಬಳಿ ಬಿಟ್ಟು ಹಡಗು ಹತ್ತುತ್ತೀಯೋ ಇಲ್ಲವೋ ಯೋಚನೆ ಮಾಡು. ಬಿಡುವುದಿಲ್ಲ ಎಂದರೆ ನಾನು ಜಗಳ ಆಡುವುದಿಲ್ಲ.